ಝಾಡಿಸದ ಉಡಿ

“ಬಿಚ್ಚಬೇ ಉಡಿ. ಮಿಲ್ಲ ಅಷ್ಟೂ ಸೊಂಟಕ್ಕ ಕಟ್ಕೊಂಡು ನಡದೀಯೇನು?”

ನರಸಪ್ಪನ ಬಾಯಿಂದ ದಿನಾ ಸಂಜೆ ಉದುರುವ ಮುತ್ತುಗಳಲ್ಲಿ ಇದೂ ಒಂದು. ಅವನು ಚಂದಾಪುರದ ನಮ್ಮ ಬೇಳೆ ಮಿಲ್ಲಿನ ಸೂಪರ್‌ವೈಜರ್. ಕೆಲಸ ಬಿಡುವ ಹೊತ್ತಿಗೆ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತು, ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತಾನೆ. ನಾವು ಸೆರಗು ಝಾಡಿಸಬೇಕು. ಸೊಂಟಕ್ಕೆ ಸಿಕ್ಕಿಸಿದ ಉಡಿ ಬಿಚ್ಚಿ ಕೊಡವಬೇಕು. ಎರಡೂ ಕೈ ಚಾಚಿ ಒಂದು ಸುತ್ತು ತಿರುಗಬೇಕು. ಬೇಳೆ ಕದ್ದಿಲ್ಲ ಎಂಬುದಕ್ಕೆ ನಮಗೆ ಅದೇ ಸರ್ಟಿಫಿಕೇಟು. ಚೀಲ ಹೊರುವ ಗಂಡಸರಿಗೆ ಇದು ಯಾವುದೂ ಇಲ್ಲ, ಅವರು ಬೀಡಿ ಹಚ್ಚಿಕೊಂಡು ಬಾಜೂಕಿನಿಂದ ನಡೆದುಬಿಡುತ್ತಾರೆ. ಗಂಡಸರಿಗೆ ಉಡಿ ಕೊಡದೆ ದೇವರು ಅಲ್ಲಿಯೂ ಅವರ ಪಾರ್ಟಿಯನ್ನೇ ಹಿಡಿದಿದ್ದಾನೆ.

ಆ ದಿನ ನನ್ನ ಮುಂದೆ ಸುಗರಾಬಿ ನಿಂತಿದ್ದಳು. ನಾನು ಅವಳು ಪಕ್ಕದಲ್ಲೇ ಕೂತು ಬೇಳೆ ಹಸನು ಮಾಡುವವರು, ಮುಲ್ಲಾಮಾರಿ ಹೊಳೆಯ ದಂಡೆಯಲ್ಲಿ ಮನೆಗಳೂ ಅಕ್ಕಪಕ್ಕ. ಅವಳು ಸೆರಗು ಕೊಡವಿದಾಗ ನಾಲ್ಕು ಕಾಳು ಬೇಳೆ ನೆಲಕ್ಕೆ ಬಿದ್ದವು.

“ಇದೇನಿದು?” ಎಂದ ನರಸಪ್ಪ.

“ಇದಕ್ಕ ಬ್ಯಾಳಿ ಅಂತಾರ್ರಿ,” ಎಂದಳು ಸುಗರಾಬಿ. “ದಿನಾ ಇದರ ಮುಂದನ ಕುಂದರ್ತೀರಿ, ಗುರ್ತ ಸಿಗಲಿಲ್ಲೇನು?”

“ನಾಲಗಿ ಭಾಳ ಉದ್ದ ಆಗ್ಯಾದ ನಿಂದು. ಆರಿಸು. ಒಂದೂ ಬಿಡಬ್ಯಾಡ, ಕಳ್ಳ ರಂಡಿ.”

ಮೊಣಕಾಲು ಮಡಚಲಾಗದ ಹೆಂಗಸು ಮಣ್ಣಲ್ಲಿ ಕೈ ಊರಿ ಬಗ್ಗಿ ಕಾಳು ಆರಿಸಿದಳು. ಊದಿ, ಮಣ್ಣು ಹಾರಿಸಿ, ಅವನ ಅಂಗೈಗೆ ಹಾಕಿದಳು. “ತಗೋರಿ. ಸಾವ್ಕಾರ್ರಿಗೆ ಮುಟ್ಟಸ್ರಿ. ಇವತ್ತರೆ ಅವರ ಮನ್ಯಾಗ ಸಾರು ಗಟ್ಟಿ ಆಗ್ಲಿ.”

ನಾವೆಲ್ಲ ನಕ್ಕೆವು. ನಗದಿದ್ದವಳು ನನ್ನ ಬೆನ್ನ ಹಿಂದೆ ನಿಂತಿದ್ದ ಸುಜಾತಾ ಒಬ್ಬಳೇ. ಅವಳು ನನ್ನ ಸೊಸೆ. ಬಸುರಿ, ಆಗ ಏಳು ತಿಂಗಳಾಗಿತ್ತು. ಮಗ ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೂಲಿ, ಮನೆಗೆ ಬರುವುದು ಸೂಟಿ ಸಿಕ್ಕಾಗ. ಇದಕ್ಕೂ ಮೊದಲು ಎರಡು ಸಲ ಅವಳ ಹೊಟ್ಟೆಯಲ್ಲಿ ಕೂಸು ನಿಂತಿರಲಿಲ್ಲ. ಈ ಸಲ ಏಳನೇ ತಿಂಗಳು ಮುಟ್ಟಿದೆ ಎಂದು ನಾವಿಬ್ಬರೂ ಜೋರಾಗಿ ಮಾತಾಡಲೂ ಅಂಜುತ್ತಿದ್ದೆವು. ಗೇಟಿನ ಎದುರಿಗೇ ಚಹಾದ ಹೋಟೆಲು, ಅಲ್ಲಿ ಕೂತವರೆಲ್ಲ ಇತ್ತಲೇ ನೋಡುತ್ತಾರೆ. ನನ್ನದು ಮುಗಿದ ಮೇಲೆ ಸುಜಾತಾ ಗೋಡೆಯ ಕಡೆ ಮುಖ ಮಾಡಿ ಸೆರಗು ಬಿಡಿಸಿದಳು.

“ಇತ್ಲಾಗ ತಿರುಗು,” ಎಂದ ನರಸಪ್ಪ. “ಹೊಟ್ಟ್ಯಾಗ ಇರೋದು ಕೂಸೋ ಬ್ಯಾಳಿ ಚೀಲೋ ನಮಗೂ ಗೊತ್ತಾಗ್ಲಿ.”

ನನ್ನ ಮೈ ಉರಿಯಿತು. “ನಿಮ್ಮವ್ವ ನಿನ್ನ ಹೊತ್ತಾಗ ಯಾರೂ ಹಿಂಗ ಕೇಳಿಲ್ಲ ನೋಡು ನರಸಪ್ಪಾ. ಕೇಳಿದ್ರ ಛಲೋ ಇತ್ತು, ಗೇಟಿನಾಗ ಇಳಿಸಿ ಹೋಗ್ತಿದ್ಳು.”

ಅವನು ನನ್ನನ್ನು ವಾಪಸು ಕರೆದು ಇನ್ನೆರಡು ಸುತ್ತು ತಿರುಗಿಸಿ ಕಳಿಸಿದ.

ಮುಂದಿನ ಭಾನುವಾರ ಸುಗರಾಬಿಯ ಅಂಗಳದಲ್ಲಿ ಕ್ಲಾಸು ಇತ್ತು. ಕ್ಲಾಸು ನಡೆಸುವವನು ಅಣವೀರ, ಕೊಡ್ಲಿಯಲ್ಲಿರುವ ನನ್ನ ತಂಗಿಯ ಮಗ. ಕಲಬುರಗಿಯಲ್ಲಿ ಬಿ.ಎ. ಓದಲು ಹೋದವನು ಕಾಮ್ರೇಡ್ ಆಗಿ ಬಂದ. ಬಗಲಲ್ಲಿ ಚೀಲ, ಹಳೆಯ ಮೋಟರ್ ಸೈಕಲ್ಲು, ಮೂವತ್ತು ದಾಟಿದರೂ ಲಗ್ನವಿಲ್ಲ. ಚೀಲದಿಂದ ಒಂದು ಫೋಟೊ ತೆಗೆದು ಗೋಡೆಯ ಮೊಳೆಗೆ ಸಿಕ್ಕಿಸಿಯೇ ಅವನು ಮಾತು ಶುರು ಮಾಡುವುದು. ಫೋಟೊದಲ್ಲಿ ಎದೆ ಮುಚ್ಚುವಷ್ಟು ಗಡ್ಡ ಬಿಟ್ಟ ಒಬ್ಬ ಮುದುಕ. ಹೆಸರು ಹೇಳಿಕೊಟ್ಟಿದ್ದ, ನಮ್ಮ ನಾಲಗೆಗೆ ಹತ್ತಲಿಲ್ಲ. ನಾವು ಗಡ್ಡದ ಮುತ್ಯಾ ಎನ್ನುತ್ತಿದ್ದೆವು.

“ನೋಡ್ರಿ, ಉತ್ಪಾದನಾ ಸಾಧನಗಳು ಯಾರ ಒಡೆತನದಲ್ಲಿ ಇರುತ್ತವೆಯೋ ಆ ವರ್ಗವು...”

“ಅಣವೀರ, ಕನ್ನಡದಾಗ ಹೇಳಪ್ಪ,” ಎಂದಳು ಸುಗರಾಬಿ.

“ಇದು ಕನ್ನಡನೇ ಅಕ್ಕಾ.”

“ಹಂಗಾದ್ರ ಉರ್ದುದಾಗ ಹೇಳು.”

ಹಿಂದೆ ಗೋಡೆಗೆ ಒರಗಿ ಕೂತಿದ್ದ ಗನಿಸಾಬ ಅಷ್ಟೊತ್ತಿಗೆ ಗೊರಕೆ ಶುರು ಮಾಡಿದ್ದ. ಗನಿಸಾಬ ನಮ್ಮ ಮಿಲ್ಲಿನ ಲಾರಿ ಡ್ರೈವರು. ಬೇಳೆ ಹೇರಿಕೊಂಡು ಹೈದರಾಬಾದಿಗೆ ಹೋಗಿ ಬರುವುದೇ ಅವನ ಕೆಲಸ, ರಾತ್ರಿ ನಿದ್ದೆಗೆಡುವ ಮನುಷ್ಯ. ಕ್ಲಾಸಿಗೆ ಅವನು ಬರುವುದು ಕೊನೆಗೆ ಸಿಗುವ ಚಹಾಕ್ಕೆ ಎಂದು ಎಲ್ಲರಿಗೂ ಗೊತ್ತಿತ್ತು. ಅಣವೀರನಿಗೆ ಅವನ ಗೊರಕೆ ಕೇಳಿದಾಗಲೆಲ್ಲ ಮಾತು ತಪ್ಪುತ್ತಿತ್ತು.

ಪಾಪ ಹುಡುಗ, ಪುಸ್ತಕದ ಮಾತು ಬಿಟ್ಟು ಅಂಗಳದ ಹರಳು ಆರಿಸಿಕೊಂಡ. ನಮ್ಮ ಮುಂದೆ ಸಾಲಾಗಿ ಇಟ್ಟ.

“ಇದು ನಿಮ್ಮ ಒಂದು ದಿನದ ದುಡಿಮಿ ಅಂತ ತಿಳೀರಿ. ಮುಂಜಾನಿಂದ ಊಟದ ಹೊತ್ತಿನತನ ಇಷ್ಟು.” ಅರ್ಧ ಹರಳನ್ನು ನಮ್ಮ ಕಡೆ ಸರಿಸಿದ. “ನಿಮ್ಮ ಪಗಾರ ಅಷ್ಟೂ ಇಷ್ಟರಾಗ ಮುಟ್ಟಿಬಿಡ್ತದ. ಊಟ ಆದಮ್ಯಾಲ ಸಂಜೀತನ ಮಾಡೋದು ಇದು. ಇದು ಫುಕಟ. ಇದಕ್ಕ ನಿಮಗ ಒಂದು ಪೈಸಾ ಇಲ್ಲ. ಸಾವ್ಕಾರ್ರು ಮನಿ ಮ್ಯಾಲ ಮನಿ ಕಟ್ಸಿದ್ರಲ್ಲ, ಇದರಾಗೇ. ಅವರು ದೇವರ ಹಂತೇಲಿ ಬೇಡಿಕೊಂಡು ಬಂದಿದ್ದಲ್ಲ, ನೀವು ಬಡವರಾಗಿ ಹುಟ್ಟಿದ್ದು ಹಣಿಬರಹನೂ ಅಲ್ಲ. ಈ ಹರಳು ಅತ್ತಾಗ ಹೋಗೋದಕ್ಕ ಅವರು ಶ್ರೀಮಂತರು, ನೀವು ಬಡವರು. ಮಿಲ್ಲ ದುಡಿಯೋರದೇ ಆದ್ರ ಹರಳೂ ದುಡಿಯೋರದೇ. ಮುತ್ಯಾ ಹೇಳಿದ್ದು ಇಷ್ಟೇ.”

ನನ್ನ ಸೊಂಟ ನೋಯುವುದು ಊಟದ ನಂತರವೇ. ಅಲ್ಲಿಯತನಕ ಹೇಗೋ ಕೂರುತ್ತೇನೆ, ಆಮೇಲೆ ಒಂದೊಂದು ಗಳಿಗೆಯೂ ಹಲ್ಲು ಕಚ್ಚಿ ಕೂರಬೇಕು. ಆ ನೋವಷ್ಟೂ ಸಾಹುಕಾರನ ಮಹಡಿಗೆ ಹೋಗಿದೆ ಎಂದು ಅವತ್ತು ತಿಳಿಯಿತು. ಅವನ ಮಹಡಿಯ ಮೆಟ್ಟಿಲು ಏರುವವರ ಸೊಂಟವಾದರೂ ಒಮ್ಮೆ ಹಿಡಿದುಕೊಳ್ಳಲಿ ಎಂದು ಮನಸ್ಸಿನಲ್ಲೇ ಶಾಪ ಹಾಕಿದೆ.

“ಅದು ಖರೇ ಅಣವೀರ,” ಎಂದೆ. “ಈ ಉಡಿ ಝಾಡ್ಸೋದರ ಬಗ್ಗೆ ಮುತ್ಯಾ ಏನರೆ ಹೇಳ್ಯಾನೇನು?”

ಅಣವೀರ ತಲೆ ಕೆರೆದುಕೊಂಡ. “ದೊಡ್ಡವ್ವ, ಅದು ಅವಮಾನ, ಇಲ್ಲ ಅನ್ನಂಗಿಲ್ಲ. ಆದ್ರ ಅದು ಮುಖ್ಯ ವೈರುಧ್ಯ ಅಲ್ಲ. ಮೊದಲ ಪಗಾರ, ಪಿ.ಎಫ್., ಕೆಲಸದ ತಾಸು. ಉಡಿ ಗಿಡಿ ಎಲ್ಲಾ ಹಳೀ ನಂಬಿಕಿ, ಅದರ ಮ್ಯಾಲ ಹೋರಾಟ ಕಟ್ಟಾಕ ಬರಂಗಿಲ್ಲ.”

ಸುಜಾತಾ ಕ್ಲಾಸಿನಲ್ಲಿ ಎಂದೂ ಬಾಯಿ ತೆರೆದವಳಲ್ಲ. ಅವತ್ತು ತಲೆ ತಗ್ಗಿಸಿಕೊಂಡೇ ಹೇಳಿದಳು. “ಭಾವ, ಪಗಾರ ವಾರಕ್ಕೊಮ್ಮಿ ಆಗ್ತದ. ಉಡಿ ದಿನಾ ಸಂಜೀಕ ಝಾಡಸ್ತೀವಿ.”

ಅಣವೀರ ಹರಳುಗಳನ್ನು ಮತ್ತೆ ಮೊದಲಿನಿಂದ ಸಾಲಾಗಿ ಜೋಡಿಸತೊಡಗಿದ. ಅಷ್ಟರಲ್ಲಿ ಚಹಾ ಬಂತು. ಗನಿಸಾಬನಿಗೆ ತಾನಾಗಿಯೇ ಎಚ್ಚರವಾಯಿತು.

ಕುಡಿದಾದ ಮೇಲೆ ಸುಗರಾಬಿ ಕೇಳಿದಳು: “ಕಾಮ್ರೇಡ್, ಎಲ್ಲಾರೂ ಸಮ ಅಂತ ಹೇಳ್ದಿ. ಹಂಗಾದ್ರ ಈ ಕಪ್ಪು ತೊಳಿಯೋರು ಯಾರು?”

ಅಣವೀರ ಕಪ್ಪುಗಳನ್ನೆಲ್ಲ ಗೋಳೆ ಮಾಡಿಕೊಂಡು ಬಚ್ಚಲಿಗೆ ಹೋದ. ಎರಡು ಒಡೆದ. ನಾನು ಎತ್ತಿ ಆಡಿಸಿದ ಹುಡುಗ, ಅವತ್ತು ಅವನ ಮೇಲೆ ನನಗೆ ಬಹಳ ಮಮತೆ ಬಂತು.

ಕ್ಲಾಸಿನ ಸುದ್ದಿ ಸಾಹುಕಾರನ ಕಿವಿಗೆ ಬೀಳಲು ತಡವಾಗಲಿಲ್ಲ. ಸಿದ್ಧಲಿಂಗ ಸಾಹುಕಾರ ನನ್ನನ್ನೂ ಸುಗರಾಬಿಯನ್ನೂ ಆಫೀಸಿಗೆ ಕರೆಸಿದ. ಬೈಯುತ್ತಾನೆ ಎಂದು ಸಿದ್ಧವಾಗಿ ಹೋಗಿದ್ದೆವು. ಅವನು ಬೈಯಲಿಲ್ಲ. ಹಣೆಯ ತುಂಬ ವಿಭೂತಿ, ಹಿಂದೆ ಗೋಡೆಯಲ್ಲಿ ಶರಣರ ಫೋಟೊ, ಅದಕ್ಕೆ ತಾಜಾ ಮಾಲೆ, ಊದುಬತ್ತಿಯ ಹೊಗೆ. ದನಿ ಮಾತ್ರ ಬೆಣ್ಣೆ.

“ಹೀರಾಬಾಯಿ, ನಾವು ನೀವು ಬ್ಯಾರೆ ಏನು? ಒಂದೇ ಮನಿಯವರು. ನಮ್ಮ ಶರಣರು ಮೇಲು ಕೀಳು ಇಲ್ಲ ಅಂತ ಯಾವಾಗೋ ಹೇಳಿ ಹೋಗ್ಯಾರ. ಆ ಪರದೇಶದ ಗಡ್ಡದವನ ಹಂತೇಲಿ ಹೋಗಿ ಹೊಸದೇನು ಕಲೀತೀರಿ?”

ಒಂದೇ ಮನೆಯವರಾದ ನಾವು ನಿಂತೇ ಕೇಳಿದೆವು. ಅವನ ಎದುರಿನ ಎರಡು ಕುರ್ಚಿ ಖಾಲಿ ಇದ್ದವು.

“ಶುಕ್ರವಾರ ಹೊಸಾ ಲಾರಿ ಪೂಜಾ ಅದ,” ಎಂದ. “ವರ್ಷಾ ವರ್ಷಾ ನಮ್ಮ ಮನಿಗೆ ಬಂದು ಉಡಿ ತುಂಬಿಸ್ಕೊಂಡು ಹೋಗ್ತಿದ್ರಿ. ಈ ಸಲ ನಮ್ಮ ಮನಿಯವರೇ ಮಿಲ್ಲಿಗೆ ಬಂದು ತುಂಬ್ತಾರ. ನಿಮ್ಮ ಸೊಸಿ ಬಸರಿ ಅಂತಲ್ಲ, ಆಕಿಗಿ ಹಸರ ಖಣ ಇಟ್ಟು ತುಂಬಸ್ತೀನಿ. ಖುಷಿ ಆತಿಲ್ಲೋ?”

ಖುಷಿಯೇ ಆಯಿತು, ಸುಳ್ಳು ಏಕೆ ಹೇಳಲಿ. ಹಲ್ಲು ಕಿರಿದುಕೊಂಡೇ ಹೊರಗೆ ಬಂದೆ. ಸುಜಾತಾಳಿಗೆ ತಾಯಿ ಇಲ್ಲ. ಏಳನೇ ತಿಂಗಳಿಗೆ ತವರಿನವರು ಕುಬಸ ಮಾಡಬೇಕು, ಹಸಿರು ಖಣ ಇಟ್ಟು ಉಡಿ ತುಂಬಬೇಕು. ಅವಳ ಅಣ್ಣಂದಿರು ದುಡಿಯಲು ಪುಣೆಗೆ ಹೋದವರು ಈ ಕಡೆ ತಲೆ ಹಾಕಿಲ್ಲ. ಹಸಿರು ಖಣ ಇಟ್ಟು ಯಾರೂ ಉಡಿ ತುಂಬದೆ ಉಳಿದದ್ದಕ್ಕೇ ಮೊದಲಿನ ಕೂಸುಗಳು ನಿಲ್ಲಲಿಲ್ಲ ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ನಾನು ತುಂಬುತ್ತೇನೆ ಎಂದಿದ್ದೆ, ಆದರೆ ವಿಧವೆ ಕೈಯ ಉಡಿಗೆ ಓಣಿಯವರು ಬಾಯಿ ಮುಚ್ಚಿಕೊಂಡು ಇರುತ್ತಾರೆಯೇ? ಶುಕ್ರವಾರದ ಸುದ್ದಿ ಹೇಳಿದಾಗ ಸುಜಾತಾ ತೊಳೆದಿಟ್ಟ ಸೀರೆಯನ್ನೇ ಮತ್ತೆ ತೊಳೆದಳು.

ಶುಕ್ರವಾರ ಮಿಲ್ಲಿನ ಅಂಗಳದಲ್ಲಿ ಹೊಸ ಲಾರಿ ಮದುಮಗನ ಹಾಗೆ ನಿಂತಿತ್ತು. ಮೂತಿಗೆ ಚೆಂಡುಹೂವಿನ ಮಾಲೆ, ಗಾಲಿಗಳ ಕೆಳಗೆ ನಿಂಬೆಹಣ್ಣು, ಮೈತುಂಬ ಬೇಳೆ ಚೀಲ. ಗನಿಸಾಬ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಕ್ಕದಲ್ಲಿದ್ದ. ಪೂಜೆಗೆ ಬಂದ ಮಡಿವಾಳಯ್ಯನವರು ತೆಂಗಿನಕಾಯಿ ಒಡೆದು, ಮೊದಲ ಲೋಡು ಹೊತ್ತು ಮುಳುಗುವುದರೊಳಗೆ ಗೇಟು ದಾಟಲೇಬೇಕು, ಆಮೇಲೆ ಗಳಿಗೆ ಛಲೋ ಇಲ್ಲ ಎಂದು ಸಾಹುಕಾರನಿಗೆ ತಾಕೀತು ಮಾಡಿದರು. ಸಾಹುಕಾರ ಗಡಿಯಾರ ನೋಡಿಕೊಂಡು ಇನ್ನೂ ಬೇಕಾದಷ್ಟು ಹೊತ್ತು ಅದ ಎಂದ.

ಶೆಡ್ಡಿನಲ್ಲಿ ನಮ್ಮನ್ನು ಸಾಲಾಗಿ ಕೂರಿಸಿದರು. ಸಾಹುಕಾರನ ಹೆಂಡತಿ ಉಮಾದೇವಿ ಅರಿಷಿಣ ಕುಂಕುಮದ ತಟ್ಟೆ ಹಿಡಿದು ಬಂದರು. ಕೆಟ್ಟ ಹೆಂಗಸಲ್ಲ. ಆದರೆ ನಮಗೆ ತಾಗಬಾರದೆಂದು ಸ್ವಲ್ಪ ಮೇಲಿನಿಂದಲೇ ಉಡಿಗೆ ಹಾಕುತ್ತಾರೆ, ಅರ್ಧ ನಮ್ಮ ಸೆರಗಿಗೆ, ಒಂದಿಷ್ಟು ನೆಲಕ್ಕೆ. ಉಡಿಗೆ ಅಕ್ಕಿ ಹಾಕುವುದು ವಾಡಿಕೆ. ಇವರದು ಬೇಳೆ ಮಿಲ್ಲಾದ್ದರಿಂದ ಅಕ್ಕಿಯ ಜೊತೆಗೆ ತೊಗರಿ ಬೇಳೆಯನ್ನೂ ಹಾಕಿದರು, ಮೇಲೆ ಬಟ್ಟಲು ಕೊಬ್ಬರಿ, ಎಲೆ ಅಡಿಕೆ. ಸುಗರಾಬಿಗೂ ತುಂಬಿದರು, ಕುಂಕುಮ ಮಾತ್ರ ಬಿಟ್ಟರು. ವಿಧವೆಯಾದ ನನಗೂ ಖಾಲಿ ಕಳಿಸಬಾರದೆಂದು ಕುಂಕುಮವಿಲ್ಲದೆ ಒಂದು ಹಿಡಿ ಹಾಕಿದರು. ಸುಜಾತಾಳ ಸರದಿ ಬಂದಾಗ ಹಸಿರು ಖಣ ಇಟ್ಟು, ತುಸು ಬಗ್ಗಿ, “ಸುಖವಾಗಿ ಹಡಿಯವ್ವ” ಎಂದರು. ಸುಜಾತಾಳ ಕಣ್ಣು ತುಂಬಿದವು. ನಾನೂ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡೆ. ಆ ಹೊತ್ತಿನಲ್ಲಿ ಸಾಹುಕಾರನ ಮಹಡಿಗೆ ಹಾಕಿದ ಶಾಪವನ್ನು ವಾಪಸು ತೆಗೆದುಕೊಳ್ಳಬೇಕೆನ್ನಿಸಿತ್ತು.

ಕೆಲಸ ಬಿಡುವ ಗಂಟೆ ಹೊಡೆಯಿತು. ಬಸುರಿ ಎಂದು ಸುಜಾತಾಳನ್ನು ಮುಂದೆ ಬಿಟ್ಟುಕೊಂಡು ನಾವು ಗೇಟಿನತ್ತ ನಡೆದೆವು. ಪ್ಲಾಸ್ಟಿಕ್ ಕುರ್ಚಿಯಲ್ಲಿ ನರಸಪ್ಪ ಕೂತಿದ್ದ.

“ಹೂಂ. ಝಾಡಸ್ರಿ.”

ಸುಜಾತಾ ನಿಂತಳು. ಹಿಂದಿನ ವರ್ಷಗಳಲ್ಲಿ ಉಡಿ ತುಂಬಿಸಿಕೊಳ್ಳುತ್ತಿದ್ದುದು ಸಾಹುಕಾರನ ಮನೆಯಲ್ಲಿ. ಅಲ್ಲಿಂದ ನೇರ ನಮ್ಮ ಮನೆಗಳಿಗೆ ಹೋಗುತ್ತಿದ್ದೆವು, ನಡುವೆ ಈ ಗೇಟೂ ಇರಲಿಲ್ಲ, ಈ ಕುರ್ಚಿಯೂ ಇರಲಿಲ್ಲ. ನಮ್ಮನ್ನು ಒಲಿಸಿಕೊಳ್ಳುವ ಅವಸರದಲ್ಲಿ ಸಾಹುಕಾರನಿಗೆ ಇದು ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಹೊಳೆದಿರಲಿಲ್ಲ.

“ಇದು ಅಕ್ಕಾವ್ರು ತುಂಬಿದ ಉಡಿರಿ,” ಎಂದಳು ಸುಜಾತಾ.

“ಯಾರರೆ ತುಂಬಲಿ, ಬ್ಯಾಳಿ ಬ್ಯಾಳಿನೇ. ಅಕ್ಕಾವ್ರು ಹಾಕಿದ್ದು ಯಾವ್ದು, ನೀವು ಒಳಗ ಸೇರಿಸ್ಕೊಂಡಿದ್ದು ಯಾವ್ದು, ನಾ ಹೆಂಗ ಗುರ್ತ ಹಿಡೀಲಿ? ಝಾಡ್ಸು, ನೋಡ್ತೀನಿ. ಆಮ್ಯಾಲ ಬೇಕಾದ್ರ ಆರಿಸ್ಕೊಂಡು ಹೋಗು.”

ತುಂಬಿದ ಉಡಿಯನ್ನು ನೆಲಕ್ಕೆ ಝಾಡಿಸುವುದೆಂದರೇನು ಎಂದು ಅವನಿಗೆ ತಿಳಿಯದ್ದಲ್ಲ. ಅವನ ಹೆಂಡತಿಯೂ ಉಡಿ ತುಂಬಿಸಿಕೊಂಡವಳೇ. ಅಂಥದ್ದನ್ನು ಶತ್ರುವಿಗೂ ಮಾಡಿಸುವುದಿಲ್ಲ.

“ಝಾಡ್ಸಂಗಿಲ್ಲ,” ಎಂದಳು ಸುಜಾತಾ.

ನಾನು ಅವಳ ಮುಖ ನೋಡಿದೆ. ನನ್ನ ಮನೆಗೆ ಬಂದಾಗಿನಿಂದ ಆ ಹುಡುಗಿ ಯಾವುದಕ್ಕೂ ಇಲ್ಲ ಎಂದದ್ದನ್ನು ಕೇಳಿರಲಿಲ್ಲ.

“ಏನಂದಿ?” ನರಸಪ್ಪ ಎದ್ದು ಅವಳ ಸೆರಗಿನ ಗಂಟಿಗೆ ಕೈ ಚಾಚಿದ.

“ಆ ಕೈ ಇನ್ನೊಂದು ಗೇಣು ಮುಂದ ಬಂತಂದ್ರ ಮುರದು ಒಲಿಗಿ ಹಾಕ್ತೀನಿ, ಬಾಡ್ಯಾ,” ಎಂದು ನಾನು ನಡುವೆ ನಿಂತೆ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಸುಜಾತಾ ಹೊಟ್ಟೆಯ ಭಾರಕ್ಕೆ ಹೆಚ್ಚು ಹೊತ್ತು ನಿಲ್ಲಲಾರದೆ ಗೇಟಿನ ನಟ್ಟನಡುವೆಯೇ ಉಡಿ ಅವಚಿಕೊಂಡು ಕುಳಿತುಬಿಟ್ಟಳು. ಸುಗರಾಬಿ ಅವಳ ಪಕ್ಕದಲ್ಲಿ ಕುಳಿತಳು. “ನನಗೂ ಮೊಣಕಾಲು ಭಾಳ ನೂಸ್ಲಿಕತ್ತಾವ,” ಎಂದಳು. ನಾನು ಕುಳಿತೆ. ಮುಂದಿನವರು ಕುಳಿತದ್ದು ನೋಡಿ ಹಿಂದಿನವರೂ ಕುಳಿತರು. ಸ್ಟ್ರೈಕು ಎಂದು ಯಾರೂ ಅಂದುಕೊಂಡಿರಲಿಲ್ಲ, ದಿನವಿಡೀ ದುಡಿದವರಿಗೆ ಕೂರಲು ಜಾಗ ಸಿಕ್ಕರೆ ಸಾಕು.

ಹಿಂದೆ ಅಂಗಳದಲ್ಲಿ ನಿಂತಿದ್ದ ಲಾರಿ ಒಮ್ಮೆ ಹಾರ್ನು ಹಾಕಿತು. ಅದರ ಹಿಂದೆ ಉಮಾದೇವಿಯವರ ಕಾರು. ಸಾಹುಕಾರ ಶಲ್ಯ ಸರಿಮಾಡಿಕೊಳ್ಳುತ್ತಾ ಬಂದ.

“ಏನಿದು ತಮಾಷಾ? ಏಳ್ರಿ, ಲಾರಿಗೆ ಹೊತ್ತಾಗ್ಲಿಕತ್ತದ.”

ನಾನು ಇದ್ದದ್ದನ್ನು ಹೇಳಿದೆ. ಅವನು ನರಸಪ್ಪನನ್ನು ನೋಡಿದ. ನರಸಪ್ಪ, “ನೀವೇ ಹೇಳೀರಲ್ಲರಿ, ಯಾರನ್ನೂ ಬಿಡಬ್ಯಾಡ ಅಂತ,” ಎಂದ. ಅಷ್ಟು ಮಂದಿಯ ಮುಂದೆ ತನ್ನ ಮಾತು ತಾನೇ ನುಂಗುವುದು ಸಾಹುಕಾರನಿಗೆ ಕಷ್ಟವಾಯಿತು. ಸ್ವಲ್ಪ ಯೋಚಿಸಿ ಮತ್ತೆ ಬೆಣ್ಣೆಯ ದನಿ ತೆಗೆದ.

“ಆತು. ಬಸರಿ ಹೆಣ್ಮಗಳು, ಆಕಿ ಹಂಗೇ ಹೋಗ್ಲಿ. ಉಳಿದವರು ಝಾಡ್ಸಿ ಹೋಗ್ರಿ. ರೂಲು ಅಂದ್ರ ರೂಲು.”

ನನ್ನ ಜೀವ ನಿರಾಳವಾಯಿತು. ನಮ್ಮ ಮಾತು ಏನಾದರೂ ಆಗಲಿ, ಅವಳ ಉಡಿ ಉಳಿಯಿತಲ್ಲ. “ಹೋಗವ್ವ ಸುಜಾತಾ, ಹೋಗು, ಹೋಗು,” ಎಂದು ಅವಳ ಬೆನ್ನು ತಟ್ಟಿದೆ. ಅವಳು ನೆಲಕ್ಕೆ ಕೈ ಊರಿ ಎದ್ದಳು. ಎದ್ದವಳು ಸಾಹುಕಾರನ ಕಡೆ ತಿರುಗಿದಳು.

“ನಾಳಿರಿ?”

“ನಾಳಿದು ನಾಳಿಗಿ.”

“ನಾಳಿ ಝಾಡ್ಸಬೇಕೇನ್ರಿ?”

“ಎಲ್ಲಾರೂ ಝಾಡಸ್ತಾರ, ನೀನೂ ಝಾಡಸ್ತಿ. ನೀ ಏನು ಮ್ಯಾಲಿಂದ ಇಳಿದು ಬಂದೀಯೇನು?”

ಸುಜಾತಾ ನಮ್ಮೆಲ್ಲರನ್ನೂ ಒಂದು ಸಲ ನೋಡಿದಳು. “ಹಂಗಾದ್ರ ಇವತ್ತ ಒಬ್ಬಾಕಿನೇ ಹೋಗಿ ಏನ್ ಮಾಡ್ಲಿ ಅತ್ತಿ,” ಎಂದು ನನಗೆ ಹೇಳಿ, ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಮತ್ತೆ ಕುಳಿತಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಈ ಹುಡುಗಿ ಕ್ಲಾಸಿನಲ್ಲಿ ಸುಮ್ಮನೆ ಕೂತು ಏನೇನು ಕೇಳಿಸಿಕೊಂಡಿದ್ದಳೋ.

ಬೆಣ್ಣೆ ಕರಗಿತು. “ಈಗ ಏಳಲಾರ್ದೋರು ನಾಳಿಂದ ಮಿಲ್ಲಿಗೆ ಬರಬ್ಯಾಡ್ರಿ,” ಎಂದ ಸಾಹುಕಾರ. “ಐನಾಪುರದಾಗ ಹೆಣ್ಮಕ್ಕಳು ಕೆಲಸಕ್ಕ ಕಾಯ್ಲಿಕತ್ತಾರ.”

“ಐನಾಪುರದೋರು ಇಲ್ಲೇ ಕುಂತೀವ್ರಿ,” ಎಂದು ಹಿಂದಿನಿಂದ ಒಂದು ದನಿ ಬಂತು.

ಉಮಾದೇವಿ ಕಾರಿನಿಂದ ಇಳಿದು ಬಂದಿದ್ದರು. “ಅಲ್ಲರಿ, ನಾ ತುಂಬಿದ ಉಡಿ ನೆಲಕ್ಕ ಚೆಲ್ಲಿದ್ರ ನನಗರೆ ಛಲೋ ಆಗ್ತದೇನ್ರಿ?” ಎಂದರು ಸಣ್ಣ ದನಿಯಲ್ಲಿ.

“ನೀ ಕಾರಿನಾಗ ಕುಂದ್ರು,” ಎಂದ ಸಾಹುಕಾರ. ಅವರು ಹೋಗಿ ಕಾರಿನಲ್ಲಿ ಕುಳಿತರು.

ಅಷ್ಟರಲ್ಲಿ ಗೇಟಿನ ಹೊರಗೆ ಮೋಟರ್ ಸೈಕಲ್ಲಿನ ಸದ್ದಾಯಿತು. ಯಾರೋ ಫೋನು ಮಾಡಿರಬೇಕು, ಅಣವೀರ ಏದುಸಿರು ಬಿಡುತ್ತಾ ಬಂದ. ಹೆಂಗಸರು ಗೇಟಿಗೆ ಅಡ್ಡ ಕೂತದ್ದು, ಲಾರಿ ನಿಂತದ್ದು ನೋಡಿ ಅವನ ಮುಖ ಅರಳಿತು.

“ದೊಡ್ಡವ್ವ, ಭಾಳ ಛಲೋ ಆತು. ಈಗ ಬೇಡಿಕಿ ಎಲ್ಲಾ ಇಡೋಣು. ಮೊದಲ ಪಗಾರ, ಆಮ್ಯಾಲ ಪಿ.ಎಫ್...”

“ಇವತ್ತ ಉಡಿ ಅಷ್ಟ,” ಎಂದೆ. “ಪಗಾರಕ್ಕ ಇನ್ನೊಂದು ದಿನಾ ಕೂಡ್ತೀವಿ. ಮೊಣಕಾಲಿಗೆ ರೂಢಿ ಆಗ್ಲಿ. ನೀ ಮೊದಲ ಕುಂದ್ರು.”

“ಇದು ಮುಖ್ಯ ಅಲ್ಲ ಅಂದಿದ್ದಿ ಕಾಮ್ರೇಡ್,” ಎಂದಳು ಸುಗರಾಬಿ.

“ಹೌದಕ್ಕಾ, ಅಂದಿದ್ದೆ,” ಎಂದ. ಆಮೇಲೆ ಬಗಲಿನ ಚೀಲ ತೆಗೆದು ಪಕ್ಕಕ್ಕಿಟ್ಟು ಗೇಟಿನ ಹೊರಗಡೆ ನೆಲದ ಮೇಲೆ ಕುಳಿತ.

ಮಡಿವಾಳಯ್ಯನವರು ಪಡುವಣ ದಿಕ್ಕು ನೋಡಿ ಸಾಹುಕಾರನ ಕಿವಿಯಲ್ಲಿ ಏನೋ ಹೇಳಿದರು. ಹೊತ್ತು ಕೆಂಪಗಾಗಿ ತೊಗರಿ ಹೊಲಗಳ ಅಂಚಿಗೆ ಇ‍ಳಿದಿತ್ತು. ಸಾಹುಕಾರ ಲಾರಿಯ ಕಡೆ ಕೈ ಬೀಸಿದ.

“ಗನಿಸಾಬ, ಗಾಡಿ ಬಿಡು. ಮ್ಯಾಲ ಬಂದ್ರ ತಾವೇ ಏಳ್ತಾರ ಸೂಳೇರು.”

ಇಂಜಿನ್ನು ಶುರುವಾಯಿತು. ಗಾಲಿಯ ಕೆಳಗೆ ನಿಂಬೆಹಣ್ಣು ಒಡೆದ ಸಪ್ಪಳ ಕೇಳಿಸಿತು, ಹುಳಿ ವಾಸನೆ ಮೂಗಿಗೆ ಬಡಿಯಿತು. ಲಾರಿ ಮುಂದೆ ಬಂತು. ನನಗೆ ಅಂಜಿಕೆಯಾಯಿತು, ಆಗಲಿಲ್ಲ ಎಂದು ಹೇಳುವಷ್ಟು ದೊಡ್ಡವಳಲ್ಲ ನಾನು. ಸುಜಾತಾಳನ್ನು ಎಳೆದುಕೊಂಡು ಓಡಬೇಕೆಂದು ಅವಳ ರಟ್ಟೆಗೆ ಕೈ ಹಾಕಿದೆ. ಅವಳು ಕಣ್ಣು ಮುಚ್ಚಿ ಎರಡೂ ಕೈಯಲ್ಲಿ ಉಡಿ ಹಿಡಿದು ಕೂತೇ ಇದ್ದಳು. ಚೆಂಡುಹೂವಿನ ಮಾಲೆ ನಮ್ಮ ತಲೆಗೆ ತಾಗುವಷ್ಟು ಹತ್ತಿರ ಬಂದು ಲಾರಿ ನಿಂತಿತು. ಇಂಜಿನ್ನು ಬಂದ್ ಆಯಿತು.

ಗನಿಸಾಬ ಬ್ರೇಕು ಎಳೆದು ಕೆಳಗೆ ಇಳಿದ. ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡು ಸಾಹುಕಾರನ ಮುಂದೆ ಕೀಲಿ ಹಿಡಿದ.

“ತಗೋರಿ ಸಾವ್ಕಾರ್ರ. ಲಾರಿ ನಿಮ್ದು. ನೀವೇ ಬಿಡ್ರಿ.”

“ಏ ನಮಕ್ ಹರಾಮ್, ತಲಿ ಕೆಟ್ಟದೇನು ನಿಂದು? ಹತ್ತು ಮ್ಯಾಲ.”

“ಹೆಣ್ಮಕ್ಕಳ ಮ್ಯಾಲಿಂದ ಗಾಡಿ ಹೊಡೀಲಿಕ್ಕ ನಾ ಕಲ್ತಿಲ್ರಿ,” ಎಂದು ಕೀಲಿಯನ್ನು ಅವನ ಅಂಗೈಯಲ್ಲಿ ಇಟ್ಟು, ಗನಿಸಾಬ ಬಂದು ನಮ್ಮ ಸಾಲಿನ ಕೊನೆಯಲ್ಲಿ ಹೆಂಗಸರಿಗೆ ತುಸು ದೂರವಾಗಿ ಕುಳಿತ.

ಸುಗರಾಬಿ ಅವನ ಕಡೆ ಕತ್ತು ಚಾಚಿದಳು. “ಕ್ಲಾಸಿನಾಗ ಮಲಗಿದ್ದಿಲ್ಲೇನ್ ಭಾಯಿ ಹಂಗಾದ್ರ?”

“ಒಂದು ಕಿವಿ ಎದ್ದೇ ಇರ್ತದ ನಮ್ದು. ಡ್ರೈವರ್ ಮಂದಿ,” ಎಂದ ಗನಿಸಾಬ.

ಸಾಹುಕಾರ ಚೀಲ ಹೊರುವ ಹಮಾಲರ ಕಡೆ ನೋಡಿದ. ಅವರು ಬೀಡಿ ಆರಿಸಿ, ಬಾಜೂಕಿನಿಂದ ಹೋಗಬೇಕೋ ಬೇಡವೋ ತಿಳಿಯದೆ ನಿಂತಿದ್ದರು. ಒಬ್ಬನಿಗೂ ಲಾರಿ ಹೊಡೆಯಲು ಬರುತ್ತಿರಲಿಲ್ಲ, ಬರುತ್ತಿದ್ದವನಿದ್ದರೆ ಅವನು ಹೇಳಲಿಲ್ಲ. ಮಡಿವಾಳಯ್ಯನವರು ಮತ್ತೆ ಪಡುವಣಕ್ಕೆ ನೋಡಿದರು. ಸಾಹುಕಾರ ಧೋತರ ಎತ್ತಿ ಕಟ್ಟಿ, ತಾನೇ ಲಾರಿ ಹತ್ತಿದ. ಒಂದು ಸಲ ಕಾಲು ಜಾರಿ ಮಾಲೆಗೆ ಜೋತುಬಿದ್ದ, ನರಸಪ್ಪ ಹಿಂದಿನಿಂದ ಕುಂಡೆಗೆ ಕೈ ಕೊಟ್ಟು ಮೇಲಕ್ಕೆ ತಳ್ಳಿದ. ಸೀಟಿನಲ್ಲಿ ಕೂತು ಸಾಹುಕಾರ ಸ್ಟೇರಿಂಗು ಹಿಡಿದ. ಕೀಲಿ ಎಲ್ಲಿ ಹಾಕಬೇಕೆಂದು ಬಗ್ಗಿ ಬಗ್ಗಿ ನೋಡಿದ. ಹತ್ತಾರು ವರ್ಷದಿಂದ ಲಾರಿಗಳ ಮಾಲಕ, ಲಾರಿಯ ಆ ಸೀಟಿನಲ್ಲಿ ಕುಳಿತದ್ದು ಅದೇ ಮೊದಲು.

“ಎಡಗಾಲಿಲೆ ಏನೋ ಒತ್ತಬೇಕಂತ್ರಿ,” ಎಂದು ನರಸಪ್ಪ ಕೆಳಗಿನಿಂದ ಹೇಳಿದ.

“ಏನು?”

“ಗೊತ್ತಿಲ್ರಿ. ಏನೋ ಒತ್ತತಾರ.”

ಸಾಹುಕಾರನ ಕೈಗೆ ಸಿಕ್ಕಿದ್ದು ಹಾರ್ನು. ಅದನ್ನೇ ಒತ್ತಿದ. ಹೊಸ ಲಾರಿಯ ಹಾರ್ನು, ಚಂದಾಪುರದ ಬಜಾರಿನ ತನಕ ಕೇಳಿಸಿರಬೇಕು. ಎದುರಿನ ಹೋಟೆಲಿನಲ್ಲಿ ಕೂತವರು ಚಹಾ ಬಿಟ್ಟು ಎದ್ದು ನಿಂತರು. ಅವರು ಈ ಸಲ ನೋಡುತ್ತಿದ್ದದ್ದು ನಮ್ಮನ್ನಲ್ಲ.

ಹೊತ್ತು ಮುಳುಗಿತು. ಮಡಿವಾಳಯ್ಯನವರು ಕೊಡೆ ತೆಗೆದುಕೊಂಡು ಗೋಡೆ ಬದಿಯಿಂದ ಹೊರಗೆ ನಡೆದರು. ಸುಜಾತಾ ಕಣ್ಣು ತೆರೆದು, ಉಡಿಯ ಗಂಟನ್ನು ಬಿಚ್ಚಿ ಇನ್ನೂ ಬಿಗಿಯಾಗಿ ಕಟ್ಟಿಕೊಂಡಳು. ಮೇಲೆ ಸಾಹುಕಾರ ಬಿಡದೆ ಹಾರ್ನು ಒತ್ತುತ್ತಲೇ ಇದ್ದ. ನಮ್ಮಲ್ಲಿ ಯಾರೂ ಏಳಲಿಲ್ಲ.